ಪಂಕ್ಚರ್ ಅಂಗಡಿಯ ರಹಮತ್ ಸಾಬರು

ಎರಡು ವರ್ಷದ ಹಿಂದಿನ ಮಾತು. ನಾನು ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಹಿಂದಿ ಪಾಠ ಮಾಡುವವಳು. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಶನಿವಾರ ಹತ್ತನೇ ತರಗತಿಯ ಮಕ್ಕಳಿಗೆ ಹಳೆಯ ಹಿಂದಿ ಸಿನಿಮಾವೊಂದನ್ನು ತೋರಿಸಿದ್ದೆ. ಯಾವುದಕ್ಕೂ ರಾಜಿಯಾಗದ ಒಬ್ಬ ಸತ್ಯವಂತನ ಕಥೆ. ಹತ್ತಾರು ಸಲ ನೋಡಿದ್ದರೂ ಅವತ್ತೂ ಕಣ್ಣೊರೆಸಿಕೊಂಡೆ. "ಇಂಥವರು ಈಗ ಎಲ್ಲಿದ್ದಾರೆ?" ಎಂದು ಮಕ್ಕಳ ಮುಂದೆ ದೊಡ್ಡದಾಗಿ ಮಾತನಾಡಿದೆ.

ಸೋಮವಾರ ಬೆಳಿಗ್ಗೆ ಮದ್ದೂರಿನ ಹತ್ತಿರ ನನ್ನ ತಮ್ಮ ಮಹದೇವನ ಬೈಕಿಗೆ ಕಾರು ಗುದ್ದಿತು. ಬಲಗಾಲು ಎರಡು ಕಡೆ ಮುರಿದಿತ್ತು. ನಾನು ಮಂಡ್ಯದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಾರಿನವನು ಠಾಣೆಗೆ ಹೋಗಿ, ಬೈಕೇ ರಾಂಗ್ ಸೈಡಿನಲ್ಲಿ ಬಂತು ಎಂದು ದೂರು ಕೊಟ್ಟಾಗಿತ್ತು. "ಇಲ್ಲ ಕಣಕ್ಕ, ಅವನೇ ನನ್ ಸೈಡಿಗೆ ನುಗ್ಗಿದ್ದು" ಎಂದು ತಮ್ಮ ಅಳುತ್ತಿದ್ದ. ಅವನು ಬಸ್ ಡ್ರೈವರ್ ಕೆಲಸಕ್ಕೆ ಆಯ್ಕೆಯಾಗಿದ್ದ, ಆದೇಶ ಬರುವುದಷ್ಟೇ ಬಾಕಿ. ಅಡ್ಡಾದಿಡ್ಡಿ ಓಡಿಸಿದ ಕೇಸು ಮೈಮೇಲೆ ಬಿದ್ದರೆ ಆ ಕೆಲಸ ಹೋದಂತೆಯೇ.

ನೋಡಿದವರು ಯಾರಾದರೂ ಬೇಕಿತ್ತು. ಅವನನ್ನು ಎತ್ತಿ ಆಟೋದಲ್ಲಿ ಮಲಗಿಸಿ ಆಸ್ಪತ್ರೆಗೆ ತಂದವರು ರಸ್ತೆಬದಿಯ ಪಂಕ್ಚರ್ ಅಂಗಡಿಯ ರಹಮತ್ ಸಾಬರು ಎಂದು ತಿಳಿಯಿತು. ಮರುದಿನವೇ ಅವರಲ್ಲಿಗೆ ಹೋದೆ. ಅರವತ್ತು ದಾಟಿದ ಮನುಷ್ಯ, ಸ್ಟೂಲು ಎಳೆದು ಕೂರಿಸಿ ಮೊದಲು ತಮ್ಮನ ಕಾಲಿನ ವಿಷಯ ಕೇಳಿದರು.

"ಕಾರು ರಾಂಗ್ ಸೈಡಲ್ಲಿ ಬಂದದ್ದು ನೋಡಿದೆ ಅಂತ ಠಾಣೇಲಿ ಒಂದು ಮಾತು ಹೇಳಿ ಸಾಬ್ರೆ" ಎಂದೆ.

ಅವರು ತಲೆ ತಗ್ಗಿಸಿದರು. "ನಾನ್ ನೋಡಿಲ್ಲ ಕಣಮ್ಮ. ಒಳಗೆ ಟಯರ್ ಬಿಚ್ತಾ ಇದ್ದೆ. ಸಬ್ದ ಕೇಳಿ ಓಡ್ ಬಂದೆ."

"ನನ್ನ ತಮ್ಮ ಸುಳ್ಳು ಹೇಳೋನಲ್ಲ."

"ಅವ್ನು ಸುಳ್ ಯೋಳಾಕಿಲ್ಲ ಅಂತ ನಂಗೂ ಗೊತ್ತು. ಆದ್ರೆ ನೋಡ್ದೆ ಅಂತ ನಾನ್ ಸುಳ್ ಯೋಳ್ಬೇಕಾಯ್ತದಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. "ನಿಮ್ಮ ಮಗನೇ ಆಗಿದ್ರೆ ಹೇಳ್ತಿರಲಿಲ್ವಾ?" ಎಂದು ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವಂತೆ ಕೂಗಿದೆ.

ಅವರು "ಗೊತ್ತಿಲ್ಲ ಕಣಮ್ಮ" ಎಂದರು. ನಾನು ಎದ್ದು ಬಂದುಬಿಟ್ಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೆ. ಮೂರು ದಿನದ ಹಿಂದೆ ಪರದೆಯ ಮೇಲೆ ಅಂಥವನನ್ನೇ ನೋಡಿ ಅತ್ತವಳು ನಾನು ಎಂಬುದು ಹೊಳೆಯಲೇ ಇಲ್ಲ.

ಶನಿವಾರ ಫೋನು ಬಂತು. "ನಾನು ರಹಮತ್ತು. ಮಧ್ಯಾನ್ನ ಠಾಣೆತಾವ್ಕೆ ಬನ್ನಿ. ನೋಡ್ದೋರು ಸಿಕ್ಕವ್ರೆ."

ಆಗಿದ್ದೇನೆಂದರೆ, ಅಪಘಾತಕ್ಕೆ ಸ್ವಲ್ಪ ಮುಂಚೆ ಲಾರಿಯೊಂದು ಅವರಲ್ಲಿ ಗಾಳಿ ತುಂಬಿಸಿಕೊಂಡು ರಸ್ತೆಯಾಚೆ ನಿಂತಿತ್ತಂತೆ. ಡ್ರೈವರ್ ದುದ್ದದ ಕಡೆಯವನು ಅನ್ನುವುದು ಬಿಟ್ಟರೆ ಬೇರೇನೂ ಅವರಿಗೆ ಗೊತ್ತಿರಲಿಲ್ಲ. ಅಷ್ಟನ್ನೇ ಹಿಡಿದುಕೊಂಡು ಎರಡು ದಿನ ಅಂಗಡಿ ಮುಚ್ಚಿ, ಬಸ್ಸಿನಲ್ಲಿ ದುದ್ದಕ್ಕೆ ಹೋಗಿ, ಟೀ ಅಂಗಡಿಗಳಲ್ಲಿ ವಿಚಾರಿಸುತ್ತಾ ಸುತ್ತಮುತ್ತಲ ಊರುಗಳನ್ನು ನಡೆದಿದ್ದರು. ಕೊನೆಗೆ ನಿಂಗೇಗೌಡ ಎಂಬ ಆ ಡ್ರೈವರು ಸಿಕ್ಕಿದ್ದ.

ಠಾಣೆಯ ಮುಂದೆ ನಿಂಗೇಗೌಡನೇ ಹೇಳಿದ: "ನಂಗ್ಯಾಕ್ ಸಾಬ್ರೆ ಕೋರ್ಟು ಕಚೇರಿ ಉಸಾಬರಿ ಅಂದೆ ಕಣಕ್ಕ. ಈವಯ್ಯ ಬುಡ್ಲಿಲ್ಲ. 'ನಾನ್ ನೋಡಿದ್ರೆ ನಾನೇ ಯೋಳ್ತಿದ್ದೆ, ನೋಡಿರೋನು ನೀನು ಕಣಪ್ಪ' ಅಂತ ಜಗಲಿ ಮೇಲೆ ಕೂತ್ಬುಟ್ರು."

ಅವನು ಕಂಡದ್ದನ್ನು ಕಂಡ ಹಾಗೆ ಹೇಳಿದ. ಕಾರು ತನ್ನ ಮುಂದಿದ್ದ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಹೋಗಿ ಬೈಕಿನ ಬದಿಗೆ ನುಗ್ಗಿತ್ತು. ಪೊಲೀಸರು ಅದನ್ನು ಬರೆದುಕೊಂಡು, ಟ್ರ್ಯಾಕ್ಟರಿನವನನ್ನೂ ಕರೆಸಿ ಕೇಳಿದರು. ಮಹದೇವನ ಮೇಲಿನ ದೂರು ನಿಲ್ಲಲಿಲ್ಲ. ಕಾಲು ಕೂಡಿಕೊಳ್ಳಲು ಏಳು ತಿಂಗಳು ಹಿಡಿಯಿತು. ಕುಂಟದೆ ನಡೆದು ಹೋಗಿ ಕೆಲಸಕ್ಕೆ ಸೇರಿದ.

ಅವತ್ತು ಠಾಣೆಯಿಂದ ಹೊರಗೆ ಬಂದ ಮೇಲೆ ರಹಮತ್ ಸಾಬರಿಗೆ ಕೈಮುಗಿದೆ. "ನಾನು ಅವತ್ತು ಬಾಯಿಗೆ ಬಂದದ್ದು ಅಂದುಬಿಟ್ಟೆ" ಎಂದೆ.

"ಓಗ್ಲಿ ಬುಡಮ್ಮ" ಎಂದರು. "ನಿಮ್ಗೆ ಇಲ್ಲ ಅಂದ್ಬುಟ್ಟೆ, ಸರಿ. ಊಟ ಸೇರ್ಲಿಲ್ಲ ಕಣಮ್ಮ ನಂಗೆ. ಆ ಉಡುಗ ನನ್ ಕೈಯಾಗೆ ನರಳ್ತಾ ಇದ್ನಲ್ಲ, ಅದೇ ಕಿವೀಲಿ. ಸುಮ್ಕೆ ಕೂರಾಕ್ ಆಯ್ತದಾ?"

ಇಲ್ಲ ಎಂದವರು ಅಲ್ಲಿಗೆ ಕೈ ತೊಳೆದುಕೊಳ್ಳುತ್ತಾರೆ ಎಂದೇ ನಾನು ತಿಳಿದಿದ್ದೆ. ಇಲ್ಲ ಎಂದ ಮೇಲೆ, ಬೈಸಿಕೊಂಡ ಮೇಲೆ, ಗುರುತಿಲ್ಲದವರಿಗಾಗಿ ಊರೂರು ಅಲೆದವರನ್ನು ಕಂಡಿದ್ದು ಅದೇ ಮೊದಲು. ನಾನು ಅವರನ್ನು ಕೇಳಿದ್ದು ಒಂದು ಸುಳ್ಳನ್ನು. ಅವರು ಅದಕ್ಕಿಂತ ಎಷ್ಟೋ ಕಷ್ಟದ್ದನ್ನು ತಂದುಕೊಟ್ಟರು.