ಶೈಲಾ ಕತ್ತರಿಸಿದ ಪಟ್ಟಿ

ಪ್ರವೇಶದ ಅರ್ಜಿಗಳಿಗೆ ಫೋಟೋ ಅಂಟಿಸುವ ದಿನಗಳಲ್ಲಿ ಆ ಅಂಟಿನ ವಾಸನೆ ನನ್ನನ್ನು ಹಳೆಯದೊಂದು ತರಗತಿಗೆ ಎಳೆದೊಯ್ಯುತ್ತದೆ. ನೀವೂ ಬನ್ನಿ; ನನ್ನ ಮರ್ಯಾದೆ ಹೋಗುವುದನ್ನು ನೋಡಲು ಒಬ್ಬರಾದರೂ ಇರಲಿ.

ಸಿಂದಗಿಯ ಡಿಗ್ರಿ ಕಾಲೇಜೊಂದರಲ್ಲಿ ಆಗ ನಾನು ಹೊಸ ಮೇಷ್ಟ್ರು. ಡಿಎನ್‌ಎ ಕತ್ತರಿಸುವ ಕಿಣ್ವಗಳ ಪಾಠ ನನಗಿಂತ ಹೊಸದು, ಅದರ ಪುಸ್ತಕ ಇನ್ನೂ ಊರು ಮುಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಜೋರಾಗಿ ಹೇಳಿದರೆ ಗೊತ್ತಿದ್ದಂತೆ ಕೇಳಿಸುತ್ತದೆ ಎಂಬುದಷ್ಟೇ ನನ್ನ ವಿದ್ಯೆ. ಹಳೆಯ ಲಗ್ನಪತ್ರಿಕೆಗಳನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ, ಡಿಎನ್‌ಎಯ ಎರಡು ಎಳೆಗಳೆಂದು ಎರಡು ಸಾಲು ಅಕ್ಷರ ಬರೆಸಿದೆ. ಮೇಲೆ ಜಿ ಎ ಎ ಟಿ ಟಿ ಸಿ, ಕೆಳಗೆ ಅದರ ಜೋಡಿ ಸಿ ಟಿ ಟಿ ಎ ಎ ಜಿ. ಕತ್ತರಿಸಲು ಕತ್ತರಿ, ತುಂಡು ಕೂಡಿಸಲು ಅಂಟು ಹಂಚಿದೆ.

"ಈ ಆರು ಅಕ್ಷರ ಕಂಡಲ್ಲೆ ಕಿಣ್ವ ಕತ್ತರಿಸತೈತಿ. ನಡುವ ನೆಟ್ಟಗ ಕತ್ತರಿಸ್ರಿ" ಎಂದೆ.

ಶೈಲಾ ಎಂಬ ಹುಡುಗಿ ಮಾತ್ರ ಮೇಲಿನ ಸಾಲನ್ನು ಎಡತುದಿಯ ಜಿ ಪಕ್ಕ, ಕೆಳಗಿನದನ್ನು ಬಲತುದಿಯ ಜಿ ಪಕ್ಕ ಕತ್ತರಿಸಿ ಮೆಟ್ಟಿಲಿನಂತೆ ಮಾಡಿದ್ದಳು. "ತುದಿ ಹಿಂಗ ಚಾಚಿದ್ರ ಬ್ಯಾರೆ ತುಂಡು ಬಂದು ಕೂಡತೈತ್ರಿ ಸರ್."

"ಕಿಣ್ವ ನಿನ್ನ ಕಿವ್ಯಾಗ ಬಂದು ಹೇಳೈತೇನು?" ಎಂದೆ. ತರಗತಿ ನಕ್ಕಿತು. ಪಟ್ಟಿಯನ್ನು ಮುದ್ದೆ ಮಾಡಿ ಕಿಟಕಿಯಾಚೆ ಎಸೆದೆ. ಮುಂದಿನ ವಾರವೇ ಅವಳು ಬಿ.ಎಸ್ಸಿ. ಬಿಟ್ಟು ಬಿ.ಎ.ಗೆ ಹೋದಳು.

ತಿಂಗಳೊಳಗೆ ಪುಸ್ತಕ ಬಂತು. ಅದರ ಚಿತ್ರದಲ್ಲಿ ಶೈಲಾಳ ಮೆಟ್ಟಿಲೇ ಇತ್ತು. ಆ ಚಾಚಿದ ತುದಿಗಳಿಂದಲೇ ಒಂದು ಜೀವಿಯ ತುಂಡನ್ನು ಇನ್ನೊಂದರ ಡಿಎನ್‌ಎಗೆ ಬೆಸೆಯುತ್ತಾರಂತೆ. ಅವಳು ಎರಡು ಕೋಣೆಯಾಚೆ ಬಿ.ಎ. ತರಗತಿಯಲ್ಲಿ ಕುಳಿತಿದ್ದಳು. ಹೇಳಲು ನಾನು ಹೋಗಲಿಲ್ಲ. ಮರುವರ್ಷದಿಂದ ಅವಳ ಪಟ್ಟಿಯನ್ನೇ ನನ್ನ ಸ್ವಂತ ಯುಕ್ತಿಯೆಂಬಂತೆ ಕಲಿಸಿದೆ, ಬಾಗೇವಾಡಿಯ ಒಂದು ತರಬೇತಿಯಲ್ಲಿ ಚಪ್ಪಾಳೆಯನ್ನೂ ಗಿಟ್ಟಿಸಿದೆ. ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಮೊನ್ನೆ ಅದೇ ಶೈಲಾ ಮಗಳನ್ನು ನಮ್ಮ ಕಾಲೇಜಿಗೆ ಸೇರಿಸಲು ಕರೆದುಕೊಂಡು ಬಂದಳು. ಪಿಯುಸಿ ಸೈನ್ಸಿನಲ್ಲಿ ಮಗಳಿಗೆ ಒಳ್ಳೆಯ ಅಂಕ, ಅರ್ಜಿಯಲ್ಲಿ ಮಾತ್ರ ಬಿ.ಎ. ಯಾಕೆಂದು ಕೇಳಿದೆ.

"ಸೈನ್ಸ್ ಇನ್ನ ಮುಂದ ನಮ್ಮ ತಲಿಗೆ ಹತ್ತೂದಿಲ್ರಿ ಸರ್. ನಾ ಪಟ್ಟಿ ತಪ್ಪು ಕತ್ತರಿಸಿದ್ದು ನೆನಪೈತೇನ್ರಿ? ಮನ್ಯಾಗ ಈಗೂ ಹೇಳಿ ನಗತೇವ್ರಿ."

ನನಗೆ ಕೂತಿರಲಾಗಲಿಲ್ಲ. "ನಿಂದು ಸರಿ ಇತ್ತವ್ವಾ. ತಪ್ಪು ನಂದು. ತಿಂಗಳದಾಗ ನನಗ ಗೊತ್ತಾಗಿತ್ತು."

ಅವಳ ನಗು ನಿಂತಿತು. ಮಗಳು ತಾಯಿಯ ಮುಖ ನೋಡಿದಳು.

"ಅವಾಗ ಹೇಳಿದ್ರ ನಾ ವಾಪಸ್ ಬರ್ತಿದ್ನಲ್ರಿ ಸರ್" ಎಂದಳು ಶೈಲಾ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. ಅರ್ಜಿ ಎಳೆದುಕೊಂಡು ಬಿ.ಎ. ಎಂಬುದನ್ನು ಹೊಡೆದುಹಾಕಿ, ಪೆನ್ನು ಮಗಳ ಕೈಗಿಟ್ಟಳು.

"ನಿನಗ ಏನ್ ಬೇಕೋ ಬರಿ. ನನ್ನ ಕೇಳಬ್ಯಾಡ, ಸರ್‌ನೂ ಕೇಳಬ್ಯಾಡ."

ಆ ಹುಡುಗಿ ಬರೆದು ಮುಗಿಸುವವರೆಗೂ ನಾನು ನಿಂತೇ ಇದ್ದೆ.