ಬಸಣ್ಣನ ಫಿಟ್‌ನೆಸ್ ಸರ್ಟಿಫಿಕೇಟ್

ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಡಾಕ್ಟರು. ಎಂಬಿಬಿಎಸ್ ಸಾಲವೇ ತೀರಿಲ್ಲ. ಆದರೂ ಕಾರ್ಮಿಕರ ಆರೋಗ್ಯದ ಬಗ್ಗೆ ಇರೋ ಸರ್ಟಿಫಿಕೇಟ್ ಕೋರ್ಸಿಗೆ ಇನ್ನೊಂದು ಸಾಲ ಮಾಡೋಣವಾ ಅಂತ ಹಾಳೆ ಮೇಲೆ ಲೆಕ್ಕ ಹಾಕ್ತಾ ಕೂತಿದ್ದೆ. ಆಗ, ಹೊಸದಾಗಿ ಕೆಲಸಕ್ಕೆ ಸೇರೋಕೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು ಅಂತ ರಾಯಚೂರಿನ ಬಸಣ್ಣ ಬಂದ್ರು. ಬಿಪಿ ನೋಡುವಾಗ ನನ್ನ ಹಾಳೆ ಕಡೆ ಬಗ್ಗಿ, "ಇದೇನ್ರೀ ಮೇಡಂ?" ಅಂದ್ರು. ಹೇಳಿದೆ.

"ಅದನ್ನ ಕಲಿತ್ರ ಪಗಾರ ಎಷ್ಟ್ ಹೆಚ್ಚ ಕೊಡ್ತಾರ್ರೀ?"

ಫೀಸು, ಬಡ್ಡಿ, ಕಂತು ಎಲ್ಲ ಬರೆದಿದ್ದೆ. ಅದೊಂದನ್ನ ಮಾತ್ರ ಯಾರನ್ನೂ ಕೇಳಿರಲಿಲ್ಲ. "ಕೇಳ್ಬೇಕು" ಅಂತ ಗೊಣಗಿ, ಅವರ ಸರ್ಟಿಫಿಕೇಟಿಗೆ ಸಹಿ ಹಾಕಿ ಸೀಲು ಒತ್ತಿದೆ.

ಬಸಣ್ಣ ಅದನ್ನ ಮಡಚಿ ಜೇಬಿಗಿಟ್ಟುಕೊಂಡು, "ನನ್ನ ಸರ್ಟಿಫಿಕೇಟಿಗೆ ನಾಳಿಂದನ ಪಗಾರ ಚಾಲೂ ನೋಡ್ರೀ" ಅಂತ ನಕ್ಕರು.

ಆ ಸಹಿ ಹಾಕೋ ಯೋಗ್ಯತೆಗೆ ಮಾಡಿದ ಸಾಲದ ಕಂತನ್ನ ನಾನಿನ್ನೂ ಕಟ್ತಾ ಇದ್ದೀನಿ.