ಅಪ್ಪ ಅಕ್ಕನನ್ನು ಹೊಗಳಿದ ಗುರುವಾರ

ಆಗೆಲ್ಲ ಶನಿವಾರವೆಂದರೆ ನಮ್ಮ ಮನೆಯಲ್ಲಿ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ದಿನ. ಪರದೇಶದಲ್ಲಿ, ವಿಮಾನ ನಿಲ್ದಾಣದ ಪಕ್ಕದ ಹೌನ್ಸ್ಲೋದ ಆ ಸಣ್ಣ ಬಾಡಿಗೆ ಮನೆಯಲ್ಲಿ ಅಜ್ಜಿ ಒಲೆಯ ಮುಂದೆ ನಿಂತು ಶೇಂಗಾ ಹುರಿಯುತ್ತಿದ್ದಳು. ಅದರ ಸಿಪ್ಪೆ ತಿಕ್ಕಿ, ಮೊರದಲ್ಲಿ ಕೇರಿ, ಊದಿ ಕೊಡುವುದು ನನ್ನ ಪಾಲಿನ ಕೆಲಸ. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಊದಿದರೆ ಕೆಂಪು ಸಿಪ್ಪೆ ಹಾರಿ ಪಕ್ಕದ ಮನೆಯವರ ಬೇಲಿ ದಾಟುತ್ತಿತ್ತು. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು, ಹೊಟ್ಟೆಯ ಕೆಳಗಿನ ಚಕ್ರ ಕಾಣುವಷ್ಟು ತಗ್ಗಿನಲ್ಲಿ. ವಿಮಾನ ಬಂದಾಗ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುವುದು ಅಲ್ಲಿಯವರಿಗೆಲ್ಲ ರೂಢಿಯಾಗಿತ್ತು. ನಿಮ್ಮಲ್ಲಿ ಯಾರಾದರೂ ಆ ಕಡೆ ಬೆಳೆದಿದ್ದರೆ ನಿಮಗೆ ಗೊತ್ತು.

ಅಂಥ ಒಂದು ಸೆಪ್ಟೆಂಬರ್ ಶನಿವಾರ, ಮೊರ ನನ್ನ ಕೈಯಲ್ಲಿರುವಾಗಲೇ, ಹಿತ್ತಿಲ ಗೇಟು ದಢಾರನೆ ತೆರೆದು ಅಕ್ಕ ಬಂದಳು. ಮೊಣಕಾಲಿನ ತನಕ ಕೆಸರು, ಕಿವಿಯ ಹಿಂದೂ ಕೆಸರು. ಅವಳ ಹಿಂದೆ ಅಪ್ಪ, ಅಪ್ಪನ ಹಿಂದೆ ಕುಲಕರ್ಣಿ ಕಾಕಾ.

"ವೀ ವನ್!" ಅಂದಳು. "ತ್ರೀ ನಿಲ್! ಆ್ಯಂಡ್ ಐ ಸೇವ್ಡ್ ಎ ಪೆನಾಲ್ಟಿ!"

ನನ್ನ ಅಕ್ಕ ಶೈಲಾ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಅವತ್ತು ಆ ವರ್ಷದ ಮೊದಲನೆಯ ಪಂದ್ಯ. ಅಪ್ಪ ವಿಮಾನ ನಿಲ್ದಾಣದಲ್ಲಿ ರಾತ್ರಿ ಪಾಳಿಯಲ್ಲಿ ಸಾಮಾನು ಏರಿಸುವವನು. ಶನಿವಾರ ಬೆಳಿಗ್ಗೆ ಪಾಳಿ ಮುಗಿಸಿದವನು ಮನೆಗೆ ಬರದೆ ನೇರ ಮೈದಾನಕ್ಕೆ ಹೋಗಿ, ಆಟ ಮುಗಿದ ಮೇಲೆಯೇ ಮಲಗುತ್ತಿದ್ದ. ಕಾಕಾ ವಿಜಯಪುರದವನು, ಬಸ್ ಓಡಿಸುತ್ತಿದ್ದ, ನಮ್ಮ ಓಣಿಯಲ್ಲೇ ಇದ್ದ. ಸ್ವಂತ ಮಕ್ಕಳಿರಲಿಲ್ಲ. ಅಕ್ಕನ ತಂಡವನ್ನೇ ತನ್ನದು ಮಾಡಿಕೊಂಡಿದ್ದ.

ನಾನು ಮೊರ ಬಿಟ್ಟು ಒಳಗೆ ಓಡಿದೆ. ಮಜಾ ಇದ್ದದ್ದು ಮೈದಾನದಲ್ಲಲ್ಲ, ಆಮೇಲೆ ನಮ್ಮ ಅಡುಗೆಮನೆಯ ಮೇಜಿನ ಸುತ್ತ.

"ಗೆದ್ದಾರ, ಖರೆ," ಅಂದ ಅಪ್ಪ, ಕುರ್ಚಿ ಎಳೆದುಕೊಂಡು. "ಆದ್ರ ಇದೇನ್ ಆಟನೋ ಮಾರಾಯ? ಮೂರೂ ಗೋಲು ಅವರು ದಾನಾ ಕೊಟ್ಟದ್ದು. ನಮ್ಮವರು ಇಸ್ಕೊಂಡ್ರು, ಅಷ್ಟ."

"ಆ ಎಡಗಡೆ ಓಡೋ ಹುಡುಗಿನ್ನ ನೋಡಿದ್ಯಾ?" ಅಂದ ಕಾಕಾ. "ಸಂತ್ಯಾಗ ಅವ್ವನ್ನ ಕಳಕೊಂಡ ಕೂಸಿನಂಗ ತಿರುಗಾಡ್ತಾಳ."

"ನಮ್ಮಾಕಿ ಏನ್ ಕಮ್ಮಿ? ಕೈಗೆ ಬೆಣ್ಣಿ ಹಚ್ಕೊಂಡು ನಿಂತಿದ್ಲು."

"ಪೆನಾಲ್ಟಿ ಹಿಡದಾಳಂತಲ್ರೀ?" ಅಂದಳು ಅಮ್ಮ, ರೊಟ್ಟಿ ಬಡಿಯುತ್ತಲೇ.

"ಹಿಡದ್ಲು, ಏನ್ ಬಂತು? ಚೆಂಡು ತಾನಾಗಿ ಬಂದು ಕೈಯಾಗ ಬಿತ್ತು. ಅಲ್ಲೊಂದು ಬಾಗಲಾ ನಿಲ್ಲಿಸಿದ್ರೂ ಹಿಡೀತಿತ್ತು."

ಅಕ್ಕ "ವಾಟೆವರ್, ಅಪ್ಪಾ," ಅಂದು ಸ್ನಾನಕ್ಕೆ ಹತ್ತಿ ಹೋದಳು. ಅವಳಿಗೆ ಕನ್ನಡವೆಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ನಮ್ಮ ಮನೆಯ ಪದ್ಧತಿ ಹಾಗೆ. ನಮ್ಮದನ್ನು ನಾವು ಹೊಗಳಬಾರದು, ನೆದರಾಗುತ್ತದೆ, ಕೆಟ್ಟ ಕಣ್ಣು ತಾಗುತ್ತದೆ. ರೊಟ್ಟಿ ಹೂವಿನಂತೆ ಉಬ್ಬಿದ ದಿನ ಅಮ್ಮ "ಇವತ್ತ ಹಿಟ್ಟು ಯಾಕೋ ಸರಿ ಕೂಡಲಿಲ್ಲ" ಅನ್ನುತ್ತಿದ್ದಳು. ಕೂಸು ಗುಂಡಗೆ ಇದ್ದರೆ ಅಜ್ಜಿ "ಪಾಪ, ಸೊರಗೇತಿ" ಅನ್ನುತ್ತಿದ್ದಳು. ಮೂರು ಗೋಲಿನಿಂದ ಗೆದ್ದ ತಂಡವನ್ನು ಹಾಗೇ ಬಿಟ್ಟರೆ ಆದೀತೇ? ಅಪ್ಪನಿಗೆ ಸಂತೋಷ ಹೆಚ್ಚಾದಷ್ಟೂ ತಪ್ಪುಗಳ ಪಟ್ಟಿ ಉದ್ದವಾಗುತ್ತಿತ್ತು. ಅವತ್ತು ಆತ ನಿದ್ದೆಗಣ್ಣಿನಲ್ಲಿ, ಊಟದ ತಟ್ಟೆ ಒಣಗಿದರೂ ಏಳದೆ, ಒಬ್ಬೊಬ್ಬ ಹುಡುಗಿಯನ್ನೂ ಹಿಡಿದು ಜಾಲಾಡಿದ. ಅಕ್ಕ ಎಷ್ಟು ಚೆನ್ನಾಗಿ ಆಡಿರಬೇಕೆಂದು ನನಗೆ ಅದರಿಂದಲೇ ಗೊತ್ತಾಯಿತು.

ಅಕ್ಕ ಕೆಳಗಿಳಿದು ಬಂದ ಮೇಲೆ ಅಜ್ಜಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಅವಳಿಗೆ ನಿವಾಳಿಸಿ ಒಲೆಗೆ ಹಾಕಿದಳು. ಹೊಗೆಯ ಅಲಾರಂ ಕಿರುಚಿಕೊಂಡಿತು. ಅಮ್ಮ ಟವೆಲಿನಿಂದ ಅದಕ್ಕೆ ಗಾಳಿ ಬೀಸುತ್ತ ನಿಂತಳು. ಮೆಣಸಿನಕಾಯಿ ಸುಟ್ಟರೂ ಯಾರಿಗೂ ಘಾಟು ಹತ್ತಲಿಲ್ಲ.

"ನೋಡಿದ್ಯಾ," ಅಂದಳು ಅಜ್ಜಿ, "ಎಷ್ಟ್ ನೆದರಾಗಿತ್ತು ಹುಡುಗಿಗೆ!"

ಆ ಮಧ್ಯಾಹ್ನವೇ ಬಾಗಿಲ ಗಂಟೆ ಸದ್ದಾಯಿತು. ತಂಡದ ಕೋಚ್, ಮಿಸ್ ಡಾಸನ್. ಆ ವರ್ಷವೇ ಹೊಸದಾಗಿ ಬಂದಿದ್ದ ಎತ್ತರದ ಹೆಂಗಸು. ಅಕ್ಕ ಮೈದಾನದಲ್ಲಿ ಮರೆತು ಬಂದಿದ್ದ ಕೈಚೀಲವನ್ನು ಕೊಡಲು ಬಂದಿದ್ದಳು. ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವುದುಂಟೇ? ಅಮ್ಮ ಕೂಡಿಸಿ, ರೊಟ್ಟಿ, ಬದನೆಕಾಯಿ, ಹಿಂಡಿ, ಮೊಸರು ಬಡಿಸಿದಳು. ಆಕೆ ಖಾರಕ್ಕೆ ಕಣ್ಣೀರು ಹಾಕಿಕೊಂಡು, ಆದರೂ ಬಿಡದೆ ಉಂಡಳು. ತಟ್ಟೆಯಲ್ಲಿ ಏನೂ ಬಿಡದವರನ್ನು ಕಂಡರೆ ಅಜ್ಜಿಗೆ ಬಲು ಪ್ರೀತಿ.

ಉಂಡ ಮೇಲೆ ಆಕೆ ಅಪ್ಪನನ್ನು ಕೇಳಿದಳು. ತನ್ನ ಬಳಿ ಇಬ್ಬರು ಕೀಪರ್‌ಗಳಿದ್ದಾರೆ. ಮುಂದಿನ ಶನಿವಾರದ ಎದುರಾಳಿಗಳು ಬಹಳ ಗಟ್ಟಿ. ನೀವು ಪ್ರತಿ ಆಟಕ್ಕೂ ಬರುತ್ತೀರಂತೆ, ನಿಮ್ಮ ಮಗಳ ಬಗ್ಗೆ ನಿಮಗೇನನ್ನಿಸುತ್ತದೆ, ಮನಸ್ಸು ಬಿಚ್ಚಿ ಹೇಳಿ ಅಂದಳು.

ಅಪ್ಪನ ಮುಖ ಅರಳಿತು. ಎದೆಯೊಳಗಿನ ಹೆಮ್ಮೆಯನ್ನೆಲ್ಲ ಒಟ್ಟುಮಾಡಿಕೊಂಡು, ತನ್ನ ಒಳ್ಳೆಯ ಇಂಗ್ಲಿಷಿನಲ್ಲಿ, ಬಾಯಿತುಂಬ ಬೈದ. ಎಡಕ್ಕೆ ಬೀಳುವುದು ನಿಧಾನ. ಎತ್ತರದ ಚೆಂಡಿಗೆ ಹೆದರುತ್ತಾಳೆ. ಪೆನಾಲ್ಟಿ ಸಿಕ್ಕದ್ದು ದೈವಯೋಗ. ಇನ್ನೊಬ್ಬ ಹುಡುಗಿ ಇವಳಿಗಿಂತ ಎಷ್ಟೋ ವಾಸಿ. ಕಾಕಾ ಪಕ್ಕದಲ್ಲಿ ಕೂತು "ಯೆಸ್, ಯೆಸ್, ವೆರಿ ಸ್ಲೋ," ಎಂದು ತಾಳ ಹಾಕಿದ. ಮಿಸ್ ಡಾಸನ್ ತಲೆದೂಗುತ್ತ ಗಂಭೀರವಾಗಿ ಕೇಳಿ, ಕೃತಜ್ಞತೆ ಹೇಳಿ, ಹಿಂಡಿಯ ಡಬ್ಬಿ ಕಟ್ಟಿಸಿಕೊಂಡು ಹೋದಳು. ಎಂಥ ಒಳ್ಳೆಯ ಮಾತುಕತೆ ಆಯಿತೆಂದು ನಾವೆಲ್ಲ ಹಿಗ್ಗಿದೆವು.

ಬುಧವಾರ ಸಂಜೆ ಅಕ್ಕ ಕಾಲೇಜಿನಿಂದ ಬಂದವಳು ಬೂಟು ಬಿಚ್ಚದೆ ಅಡುಗೆಮನೆಗೆ ಬಂದು ನಿಂತಳು. ಶನಿವಾರದ ತಂಡದ ಹೆಸರುಗಳು ಬಂದಿದ್ದವು. ಗೋಲಿಗೆ ಇನ್ನೊಬ್ಬ ಹುಡುಗಿ, ಇವಳು ಬೆಂಚಿನಲ್ಲಿ. ಮಿಸ್ ಡಾಸನ್‌ಳನ್ನು ಯಾಕೆಂದು ಕೇಳಿದಳಂತೆ. ನಿನ್ನ ತಂದೆಗೇ ನೀನು ತಯಾರಿಲ್ಲ ಅನ್ನಿಸಿದೆ, ಸ್ವಲ್ಪ ವಿಶ್ರಾಂತಿ ತಗೋ ಅಂದಳಂತೆ ಆಕೆ.

"ಇಟ್ಸ್ ಫೈನ್," ಅಂದಳು ಅಕ್ಕ. "ಐ ಥಾಟ್ ಇಟ್ ವಾಸ್ ಜಸ್ಟ್ ಹೌ ಹೀ ಟಾಕ್ಸ್. ಬಟ್ ಹೀ ಮೀನ್ಸ್ ಇಟ್." ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಕೈಚೀಲವನ್ನು ಮೇಜಿನ ಮೇಲಿಟ್ಟು, ಇನ್ನು ಈ ಆಟವೇ ಸಾಕು, ನಾಳೆ ಹೋಗಿ ಹೆಸರು ತೆಗೆಸುತ್ತೇನೆ ಅಂದು ಮೇಲೆ ಹೋದಳು.

ಅಮ್ಮ ಸೌಟು ಕೆಳಗಿಟ್ಟು ಅಪ್ಪನನ್ನು ನೋಡಿದಳು.

"ನಾ ಹಂಗ ಅಂದಿಲ್ಲ," ಅಂದ ಅಪ್ಪ. ಆಮೇಲೆ, "ಅಂದೆ. ಆದ್ರ ಹಂಗ ಅಂದಿಲ್ಲ."

"ಇವರ ಊರಾಗ ಮಗಳನ್ನ ಬೈದ್ರ ಬೈದಂಗನ ತಿಳಕೊಂತಾರೇನು?" ಅಂತ ಅಜ್ಜಿ ಕೇಳಿದಳು.

"ಹೌದಬೇ."

"ಪಾಪ. ಎಂಥಾ ಊರು."

ಮರುದಿನ ಸಂಜೆ ತಂಡದ ಅಭ್ಯಾಸ ಇತ್ತು. ಅಪ್ಪ ಹೋಗಿ ಎಲ್ಲರೆದುರು ಅಕ್ಕನನ್ನು ಹೊಗಳಲೇಬೇಕೆಂದು ಅಮ್ಮ ಹಟ ಹಿಡಿದಳು. ಅಪ್ಪ ಬೆವರಿದ. ಹುಟ್ಟಿದಾಗಿನಿಂದ ಮಾಡದ ಕೆಲಸ. ಕಾಕಾನನ್ನು ಕರೆಸಿ ಮಿಸ್ ಡಾಸನ್ ಮಾಡಿ ಕೂಡಿಸಿ ರೂಢಿ ಮಾಡಿಕೊಂಡ.

"ಶೀ ಈಸ್... ನಾಟ್ ಬ್ಯಾಡ್."

"ಇದು ಹೊಗಳಿಕಿ ಅಲ್ಲೋ, ಹವಾಮಾನ ವರದಿ," ಅಂದ ಕಾಕಾ. "ಬಾಯಿ ಬಿಡು."

"ಬಿಟ್ರ ನೆದರಾಗತದಲ್ಲೋ!"

"ಅದನ್ನ ನನಗ ಬಿಡು," ಅಂದಳು ಅಜ್ಜಿ.

ಗುರುವಾರ ನಾವು ಮೂವರೂ ಹೋದೆವು. ಅಪ್ಪ, ಅಜ್ಜಿ, ಅಜ್ಜಿಯ ಕೈ ಹಿಡಿದ ನಾನು. ಅಜ್ಜಿ ಸೀರೆಯ ಮೇಲೆ ಅಪ್ಪನ ಕೆಲಸದ ಹಳದಿ ಜಾಕೆಟ್ ತೊಟ್ಟಿದ್ದಳು. ಸೆರಗಿನ ಗಂಟಿನಲ್ಲಿ ಉಪ್ಪು. ಅಕ್ಕ ಹೆಸರು ತೆಗೆಸಲು ಬಂದವಳು ಗೆಳತಿಯರ ಒತ್ತಾಯಕ್ಕೆ ಕೊನೆಯದಾಗಿ ಗೋಲಿನಲ್ಲಿ ನಿಂತಿದ್ದಳು. ಆಟ ಬಿಡುವ ಮಾತನ್ನು ಮಿಸ್ ಡಾಸನ್‌ಗೆ ಇನ್ನೂ ಹೇಳಿರಲಿಲ್ಲ, ನಮ್ಮ ಮನೆದೇವರು ಬನಶಂಕರಿ ತಾಯಿ ಅಷ್ಟು ಕಾಪಾಡಿದ್ದಳು. ಮಳೆಯೂ ಇರಲಿಲ್ಲ.

ಅಪ್ಪ ಮಿಸ್ ಡಾಸನ್ ಮುಂದೆ ನಿಂತು ಟೊಪ್ಪಿಗೆ ತೆಗೆದ. ಗಂಟಲು ಸರಿಮಾಡಿಕೊಂಡ. "ಮೈ ಡಾಟರ್," ಅಂದ. ವಿಮಾನ ಬಂತು. ಎಲ್ಲರೂ ಕಾದರು. ವಿಮಾನ ಹೋಯಿತು.

"ನಾನು ನೋಡಿದ ಗೋಲ್‌ಕೀಪರ್‌ಗಳಲ್ಲಿ ನನ್ನ ಮಗಳೇ ಎಲ್ಲರಿಗಿಂತ ಮೇಲು," ಎಂದು ಇಂಗ್ಲಿಷಿನಲ್ಲಿ ಹೇಳಿದ. "ಶನಿವಾರ ನಾನು ಹೇಳಿದ್ದೆಲ್ಲ ಸುಳ್ಳು."

ಅಜ್ಜಿ ಮುಷ್ಟಿಯಲ್ಲಿ ಉಪ್ಪು ಹಿಡಿದು ಗೋಲಿನ ಕಡೆ ನಿವಾಳಿಸತೊಡಗಿದಳು.

ಅಷ್ಟಕ್ಕೆ ನಿಲ್ಲಿಸುತ್ತಾನೆ ಅಂದುಕೊಂಡಿದ್ದೆವು. ನಿಲ್ಲಿಸಲಿಲ್ಲ. ಕಟ್ಟೆ ಒಡೆದ ಹಾಗಾಯಿತು. ಆ ಪೆನಾಲ್ಟಿಯಲ್ಲಿ ಒದೆಯುವ ಹುಡುಗಿಯ ಸೊಂಟ ತಿರುಗಿದ್ದನ್ನು ನೋಡಿಯೇ ಇವಳು ಎಡಕ್ಕೆ ಹಾರಿದ್ದು. ಹೋದ ವರ್ಷ ಮಂಜಿನಲ್ಲಿ ಆಡಿದಾಗ ಚೆಂಡು ಕಾಣದೆ ಬರೀ ಒದೆತದ ಸಪ್ಪಳ ಕೇಳಿ ಹಿಡಿದದ್ದು. ಬೆರಳು ಉಳುಕಿದ್ದನ್ನು ಮುಚ್ಚಿಟ್ಟು ಆಟ ಮುಗಿಸಿದ್ದು. ಒಂದೊಂದು ಆಟ, ಒಂದೊಂದು ಚೆಂಡು ಆತನಿಗೆ ನೆನಪಿತ್ತು. ಅಕ್ಕ ತಾನೇ ಮರೆತದ್ದೂ ನೆನಪಿತ್ತು. ಹುಡುಗಿಯರು ಆಟ ನಿಲ್ಲಿಸಿ ಹತ್ತಿರ ಬಂದರು. ಅಜ್ಜಿ ಪ್ರತಿ ಹೊಗಳಿಕೆಗೂ ಒಮ್ಮೆ ನಿವಾಳಿಸುತ್ತ, "ಸಾಕೋ, ಉಪ್ಪು ತೀರಾಕ ಬಂತೋ," ಎಂದು ನನ್ನ ಕಿವಿಯಲ್ಲಿ ಗೊಣಗುತ್ತಿದ್ದಳು. ಅಕ್ಕ ಗೋಲಿನ ಕಂಬ ಹಿಡಿದುಕೊಂಡು ಕದಲದೆ ನಿಂತಿದ್ದಳು. ಮುಖಕ್ಕೆ ಕೈಗವಸು ಅಡ್ಡ ಇಟ್ಟುಕೊಂಡಿದ್ದಳು.

"ಇದನ್ನೆಲ್ಲ ಶನಿವಾರವೇ ಯಾಕೆ ಹೇಳಲಿಲ್ಲ?" ಎಂದು ಮಿಸ್ ಡಾಸನ್ ಕೇಳಿದಳು. "ಅವಳಿಗೆ ವಿಶ್ರಾಂತಿ ಕೊಡಿ ಅಂತ ನೀವು ನಯವಾಗಿ ಕೇಳುತ್ತಿದ್ದೀರಿ ಅಂದುಕೊಂಡೆ."

"ಶನಿವಾರ ಅವಳು ಆಗಷ್ಟೇ ಗೆದ್ದಿದ್ದಳು," ಅಂದ ಅಪ್ಪ, ಇದಕ್ಕಿಂತ ಸ್ಪಷ್ಟ ಕಾರಣ ಬೇಕೇ ಎನ್ನುವಂತೆ.

ಆಕೆ ಒಂದು ಗಳಿಗೆ ಅಪ್ಪನನ್ನೂ, ಉಪ್ಪು ಹಿಡಿದ ಅಜ್ಜಿಯನ್ನೂ ನೋಡಿ, ಗೋಲಿನ ಕಡೆ ತಿರುಗಿ ಕೂಗಿದಳು: "ಶೈಲಾ! ಶನಿವಾರ ಆಡುತ್ತೀಯಾ?"

"ಯೆಸ್, ಮಿಸ್!"

ಇನ್ನೊಬ್ಬ ಹುಡುಗಿಗೂ ಅನ್ಯಾಯವಾಗಬಾರದೆಂದು ಮೊದಲರ್ಧ ಅವಳು, ಎರಡನೆಯ ಅರ್ಧ ಇವಳು ಎಂದು ತೀರ್ಮಾನವಾಯಿತು. ಶನಿವಾರ ನಾವೆಲ್ಲ ಹೋದೆವು, ಅಮ್ಮನೂ ಬಂದಳು. ನಮ್ಮವು ಎರಡು ಗೋಲು, ಅವರದು ಒಂದು ಆಗಿದ್ದಾಗ ಕೊನೆಯ ಗಳಿಗೆಯಲ್ಲಿ ಚೆಂಡು ಮೇಲಿನ ಮೂಲೆಗೆ ಹಾರಿತು. ಅಕ್ಕ ಎಡಕ್ಕೆ ನೆಗೆದು ಅದನ್ನು ಬೆರಳ ತುದಿಯಿಂದ ಕಂಬದ ಆಚೆ ದೂಡಿದಳು. ಕಾಕಾ ಬೇಲಿಯ ಮೇಲೆ ಹತ್ತಿ ವಿಜಯಪುರಕ್ಕೆ ಕೇಳುವ ಹಾಗೆ ಕೂಗಿದ. ಗೆದ್ದೆವು.

ಮನೆಗೆ ಬಂದು ಮೇಜಿನ ಸುತ್ತ ಕೂತೆವು. ಎಲ್ಲರೂ ಅಪ್ಪನ ಬಾಯಿ ನೋಡಿದೆವು. ಆತ ಅಕ್ಕನ ಕಡೆ ನೋಡಲಿಲ್ಲ, ಲೋಟದ ಕಡೆ ನೋಡಿದ.

"ಗೆದ್ದಾರ, ಖರೆ," ಅಂದ ಮೆಲ್ಲಗೆ. "ಆದ್ರ ಆ ಕಡೀ ಚೆಂಡು... ಹಿಡೀಬೇಕಿತ್ತು. ದೂಡಿಬಿಟ್ಲು."

ಅಕ್ಕ ಒಂದು ರೊಟ್ಟಿ ಮುರಿದು ಹಿಂಡಿಯಲ್ಲಿ ಅದ್ದಿದಳು. ಮುಖದ ತುಂಬ ನಗು ಬಂದಿತ್ತು.

"ಮತ್ತ?" ಅಂದಳು, ಕನ್ನಡದಲ್ಲೇ. "ಇನ್ನೂ ಏನೇನ್ ತಪ್ಪು ಮಾಡೀನಿ, ಹೇಳಪಾ."

ಅಪ್ಪ ಹೇಳಿದ. ಸಂಜೆಯ ತನಕ ಹೇಳಿದ.

ಈಗ ಅಜ್ಜಿ ಇಲ್ಲ. ಕಾಕಾ ಊರಿಗೆ ಮರಳಿದ. ಅಕ್ಕ ಸ್ಟ್ಯಾನ್‌ಮೋರ್‌ನಲ್ಲಿದ್ದಾಳೆ, ಅವಳ ಮನೆ ದೊಡ್ಡದು, ದೇವರು ಚೆನ್ನಾಗಿಟ್ಟಿದ್ದಾನೆ. ನಾನು ಅಲ್ಲೇ ಹತ್ತಿರದ ಕೆಂಟನ್‌ನಲ್ಲಿ, ಅಪ್ಪ ಅಮ್ಮ ನಮ್ಮ ಜೊತೆಗೇ. ನನ್ನ ಮಗಳು ಶಾಲೆಯ ತಂಡದಲ್ಲಿ ಆಡುತ್ತಾಳೆ. ಅಲ್ಲಿ ಗೆರೆಯ ಬದಿ ನಿಂತ ತಂದೆತಾಯಂದಿರು ಚೆಂಡು ಎತ್ತ ಹೋದರೂ "ಅಮೇಜಿಂಗ್! ಬ್ರಿಲಿಯಂಟ್!" ಅನ್ನುತ್ತಾರೆ. ನಾನೂ ಅನ್ನುತ್ತೇನೆ. ಮನೆಗೆ ಬಂದ ಮೇಲೆ ಆಟದ ಸುದ್ದಿಯೇ ಇರುವುದಿಲ್ಲ.

ಹೋದ ಶನಿವಾರ ಅವಳ ಈ ವರ್ಷದ ಮೊದಲ ಪಂದ್ಯ. ಅಪ್ಪನೂ ಕೋಲು ಊರಿಕೊಂಡು ಬಂದು, ಮಡಚುವ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತ. ಗೋಲಿನಲ್ಲಿ ನಿಂತಿದ್ದ ಮಗಳು ಚೆಂಡನ್ನು ಕಾಲ ಸಂದಿಯಿಂದಲೇ ಬಿಟ್ಟುಬಿಟ್ಟಳು, ಗೋಲಾಯಿತು. ಕೊನೆಗೆ ಹೇಗೋ ಅವರೇ ಗೆದ್ದರು. ಮನೆಗೆ ಬಂದಾಗ ಅವಳು ಹಣೆಯ ಬೆವರು ಒರೆಸಿಕೊಳ್ಳುತ್ತ, "ಹೆಂಗ ಆಡಿದೆ, ಅಜ್ಜಾ?" ಅಂತ ಕೇಳಿದಳು.

"ಭಾಳ ಚಂದ ಆಡಿದೆವ್ವಾ," ಅಂದ ಅಪ್ಪ. "ಒಂದೂ ತಪ್ಪಿಲ್ಲ."

ನಾನು ತಿರುಗಿ ಅಪ್ಪನ ಕಣ್ಣುಗಳನ್ನು ನೋಡಿದೆ. ದೃಷ್ಟಿ ಹೋಗುತ್ತಿದೆಯೆಂದು ಕಣ್ಣಿನ ಡಾಕ್ಟರು ಹೇಳುತ್ತಲೇ ಇದ್ದರು, ನಾನೇ ನಂಬಿರಲಿಲ್ಲ. ಅಪ್ಪನಿಗೆ ಗೋಲು ಕಂಬ ಕಂಡಿರಲಿಲ್ಲ, ಚೆಂಡು ಕಂಡಿರಲಿಲ್ಲ. ಬಹುಶಃ ಆ ಹಸಿರಿನ ಮೇಲೆ ಯಾರು ನಮ್ಮವಳೆಂಬುದೂ ಕಂಡಿರಲಿಲ್ಲ. ಆದರೂ ಆ ಚಳಿಯಲ್ಲಿ ಆಟ ಮುಗಿಯುವ ತನಕ ಮುಖ ಅತ್ತ ಮಾಡಿಯೇ ಕೂತಿದ್ದ. ಬಂದು ಕೂರುವಷ್ಟು ಶಕ್ತಿಯನ್ನು ಬನಶಂಕರಿ ತಾಯಿ ಇನ್ನೂ ಉಳಿಸಿದ್ದಾಳೆ, ಅದೇ ದೊಡ್ಡದು.

ಮಗಳು ಖುಷಿಯಿಂದ ಮೆಟ್ಟಿಲು ಹತ್ತಿ ಹೋದಳು. ನಾನು ಅಪ್ಪನ ಕೈಗೆ ಚಹಾ ಕೊಟ್ಟು, ಬಕೆಟ್ಟಿಗೆ ಬಿಸಿನೀರು ಬಿಟ್ಟು, ಅವಳ ಕೆಸರು ಕಾಲುಚೀಲಗಳನ್ನು ನೆನೆಹಾಕಿದೆ.